ಮನೆ ಕಟ್ಟುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಮ್ಮ ಹಿರಿಯರು ಈ ಎರಡು ಕಾರ್ಯಗಳನ್ನು ಒಂದೇ ದಾರದಲ್ಲಿ ಪೋಣಿಸಿದುದಕ್ಕೆ ಖರ್ಚಿನ ಭಾರ ಒಂದು ಕಾರಣ. ಇನ್ನೊಂದು ಕಾರಣವೂ ಉಂಟು. ಎರಡರಲ್ಲಿಯೂ ಕಾರ್ಯ ಆರಂಭವಾದ ಮೇಲೆ ಹಿಂದಿರುಗಲು ದಾರಿಯಿರುವುದಿಲ್ಲ. ಮೊದಲು ವಿಚಾರಿಸದೆ ಬಿಟ್ಟ ಸಂಗತಿಗಳು ಆಮೇಲೆ ಬಾಳಿನುದ್ದಕ್ಕೂ ಎದುರು ನಿಲ್ಲುತ್ತವೆ. ಗೃಹದಲ್ಲಿ ನೆಲೆ ನಿಂತವನು ಗೃಹಸ್ಥನೆಂದು ಶಬ್ದಾರ್ಥ. ಗೃಹಸ್ಥನು ನೆಲೆ ನಿಲ್ಲಬೇಕಾದರೆ ಮೊದಲು ಗೃಹಕ್ಕೆ ನೆಲೆಯಿರಬೇಕು. ಈ ಸಣ್ಣ ಮಾತನ್ನು ಕಲಿಯಲು ನಮಗೆ ಒಂದು ಮನೆಯ ಗೋಡೆಗಳೇ ಬಿರಿಯಬೇಕಾಯಿತು. ಮನೆ ಕಟ್ಟಲು ಹೊರಟಿರುವ ಓದುಗ ಬಂಧುಗಳಿಗೆ ನಮ್ಮ ಅನುಭವದಿಂದ ಕಿಂಚಿತ್ ಪ್ರಯೋಜನವಾದೀತೆಂದು ಇಲ್ಲಿ ನಿವೇದಿಸುತ್ತೇವೆ.

ಓದಿದ ಅಧ್ಯಾಯ, ತೋಡದ ಗುಣಿ

ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯವನ್ನು ಗುರುಗಳ ಮುಂದೆ ಕುಳಿತು ಓದಿದ್ದೆವು. ಆರನೆಯ ಶತಮಾನದ ಆ ಗ್ರಂಥದಲ್ಲಿ ನಿವೇಶನದ ಪರೀಕ್ಷೆಗೆ ಸರಳವಾದ ಉಪಾಯವೊಂದನ್ನು ಹೇಳಿದೆ. ಒಂದು ಮೊಳದ ಗುಣಿ ತೋಡಿ, ತೆಗೆದ ಮಣ್ಣನ್ನು ಮರಳಿ ಅದೇ ಗುಣಿಗೆ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಬಂದರೆ ಅಧಮ. ಗುಣಿಯಲ್ಲಿ ನೀರು ತುಂಬಿ, ನೂರು ಹೆಜ್ಜೆ ನಡೆದು ಮರಳಿ ಬಂದು ನೋಡುವ ಪರೀಕ್ಷೆಯೂ ಅಲ್ಲಿಯೇ ಇದೆ. ಮುಂದೆ ಅಧ್ಯಾಪಕರಾದ ಮೇಲೆ ಇದನ್ನೇ ನಾವು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ವಿವರಿಸಿದೆವು.

ಆದರೆ 1996ರಲ್ಲಿ ಗದಗಿನ ಹೊರವಲಯದಲ್ಲಿ ನಮ್ಮದೇ ಮನೆಗೆ ಕೈಹಾಕಿದಾಗ ಒಂದು ಗುಣಿಯನ್ನೂ ತೋಡಿ ನೋಡಲಿಲ್ಲ. ಒಳ್ಳೆಯ ದಿನ ಗೊತ್ತಾಗಿತ್ತು, ಬಂಧುಗಳಿಗೆ ಹೇಳಿ ಕಳಿಸಿಯಾಗಿತ್ತು, ಗುದ್ದಲಿ ಪೂಜೆ ನಡೆದುಹೋಯಿತು. ನೆಲ ಎರೆಮಣ್ಣಿನದು. ನಾಲ್ಕು ಅಡಿ ಪಾಯ ತೋಡಿದ ಮೇಲೆ, ವಯಸ್ಸಿನಲ್ಲಿ ನಮಗಿಂತ ಹಿರಿಯರಾಗಿದ್ದ ಗೌಂಡಿ ಕೆಳಗಿನಿಂದಲೇ ಕೂಗಿ ಹೇಳಿದರು: "ಶಾಸ್ತ್ರಿಗಳ, ಗರಸು ಇನ್ನೂ ಹತ್ತಿಲ್ಲರಿ. ಇನ್ನೂ ಎರಡು ಫೂಟು ಇಳಿಸೂಣು." ನಾವು ಕೈಯಲ್ಲಿದ್ದ ಹಣವನ್ನು ಮನಸ್ಸಿನಲ್ಲಿಯೇ ಎಣಿಸಿ, "ಅಕ್ಕಪಕ್ಕದವರೆಲ್ಲ ಇಷ್ಟಕ್ಕೇ ಕಟ್ಟಿದ್ದಾರೆ, ಸಾಕು" ಎಂದೆವು. ಅವರು ಮರುಮಾತಾಡಲಿಲ್ಲ.

1998ರ ಬೇಸಿಗೆಯಲ್ಲಿ ಪಡಸಾಲೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಹೊರಟಿತು. ಮರುವರ್ಷ ಅದರಲ್ಲಿ ಬೆರಳು ಹೋಗುವಷ್ಟು ಸಂದಾಯಿತು. ಮಳೆಗಾಲದಲ್ಲಿ ಸಂದು ಕಿರಿದಾಗುವುದು, ಬಾಗಿಲುಗಳು ಚೌಕಟ್ಟಿಗೆ ಬಿಗಿದುಕೊಳ್ಳುವುವು. ಬೇಸಿಗೆಯಲ್ಲಿ ಮತ್ತೆ ಬಾಯಿ ತೆರೆಯುವುದು. ನಮ್ಮ ಧರ್ಮಪತ್ನಿಯ ಬಳೆಗಳನ್ನು ಒತ್ತೆಯಿಟ್ಟು ಕಟ್ಟಿದ ಮನೆ ಅದು. ಗೌಂಡಿ ಮೋಸ ಮಾಡಿದನೆಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದೆವು. ಎದುರಾದರೆ ಮುಖ ತಿರುಗಿಸಿದೆವು. ಕಡೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕರೆತಂದ ಎಂಜಿನಿಯರರು ಗೋಡೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಪಾಯ ಎಷ್ಟು ಆಳ?" ಉತ್ತರ ನಮ್ಮ ಗಂಟಲಲ್ಲಿಯೇ ಉಳಿಯಿತು. ಮರುದಿನ ಗೌಂಡಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡಾಗ ಆ ಹಿರಿಯರು ಚಹಾ ತರಿಸಿ, "ಮಣ್ಣು ಯಾರ ಮಾತೂ ಕೇಳೂದಿಲ್ಲರಿ, ಶಾಸ್ತ್ರಿಗಳ" ಎಂದಷ್ಟೇ ಹೇಳಿದರು.

ನೆಲದ ಸ್ವಭಾವ

ಎರೆಮಣ್ಣು ಬೆಳೆಗೆ ತಾಯಿ, ಕಟ್ಟಡಕ್ಕೆ ಮಲತಾಯಿ. ಹತ್ತಿ, ಜೋಳ, ಕಡಲೆಗಳನ್ನು ಸಮೃದ್ಧವಾಗಿ ಕೊಡುವ ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳೇ ಅದಕ್ಕೆ ಸಾಕ್ಷಿ. ಮನೆಯ ನಡುವಿನ ಮಣ್ಣು ತೇವವನ್ನು ಉಳಿಸಿಕೊಂಡಿರುವಾಗ ಅಂಚಿನ ಮಣ್ಣು ಒಣಗಿ ಇಳಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಇಳಿಯುತ್ತದೆ. ಬೃಹತ್ಸಂಹಿತೆಯ ಗುಣಿ ನೆಲದ ಗಟ್ಟಿತನವನ್ನು ಹೇಳುತ್ತದೆ. ಉಬ್ಬುವ ಗುಣವನ್ನು ಅದು ಹೇಳಲಾರದು. ಅದಕ್ಕೆ ಇಂದಿನ ಪರೀಕ್ಷೆಯೇ ಬೇಕು. ಮಣ್ಣಿನ ಪುಡಿಯನ್ನು ಸಮನಾಗಿ ಎರಡು ಗಾಜಿನ ಅಳತೆಯ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಹೆಚ್ಚು ಉಬ್ಬಿತೆಂಬುದರಿಂದ ನೆಲದ ಗುಣ ತಿಳಿಯುತ್ತದೆ. ಹಾಗಿದ್ದರೂ ಆ ಪ್ರಾಚೀನ ಗ್ರಂಥದ ಮುಖ್ಯ ಉಪದೇಶ ಇಂದಿಗೂ ನಿಂತಿದೆ: ದಿನ ನೋಡುವ ಮೊದಲು ನೆಲ ನೋಡಬೇಕು.

ಎರೆನೆಲದಲ್ಲಿ ಕಟ್ಟುವವರು ಪಾಯವನ್ನು ಗಟ್ಟಿ ಗರಸಿನವರೆಗೆ ಇಳಿಸಬೇಕು. ಗೋಡೆಗಳ ಬುಡದಲ್ಲಿ ಸುತ್ತಲೂ ಕಬ್ಬಿಣದ ಕಾಂಕ್ರೀಟಿನ ಪ್ಲಿಂತ್ ತೊಲೆಯನ್ನು ಹಾಕಿಸಬೇಕು. ಮನೆಯೊಳಗಿನ ಎರೆಮಣ್ಣನ್ನು ತೆಗೆದು ಗರಸು ತುಂಬಿಸಬೇಕು. ಹೊರಗೆ ಸುತ್ತಲೂ ನೀರು ಇಂಗದಂತೆ ನಾಲ್ಕೈದು ಅಡಿ ಅಗಲದ ಗಚ್ಚು ಮಾಡಿಸಬೇಕು. ನೀರಿನ ತೊಟ್ಟಿ, ಬಚ್ಚಲಿನ ಕೊಳವೆ, ದೊಡ್ಡ ಮರಗಳು ಪಾಯದಿಂದ ದೂರವಿರಬೇಕು. ಗರಸು ಬಹಳ ಆಳದಲ್ಲಿದ್ದರೆ ತಳದಲ್ಲಿ ಗುಮ್ಮಟದಂತೆ ಅಗಲವಾಗುವ ಕಾಂಕ್ರೀಟಿನ ಕಂಬಗಳನ್ನು ನೆಲದೊಳಗೆ ಇಳಿಸುವ ವಿಧಾನವುಂಟು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ಇಂಥ ನೆಲಕ್ಕೆಂದೇ ಬೆಳೆಸಿತು. ಯಾವುದು ಯುಕ್ತವೆಂಬುದನ್ನು ಎಂಜಿನಿಯರರು ಗುಣಿಯಲ್ಲಿ ಇಳಿದು ನೋಡಿ ಹೇಳಬೇಕು; ಪಕ್ಕದ ಮನೆಯನ್ನು ನೋಡಿ ನಾವು ತೀರ್ಮಾನಿಸಬಾರದು.

ಕಾಗದದ ಮೇಲಿನ ಮನೆ

ನಮ್ಮ ಮಗನು 2018ರಲ್ಲಿ ಮನೆ ಕಟ್ಟಲು ಹೊರಟಾಗ ಮೊದಲ ಆರು ತಿಂಗಳು ಒಂದು ಕಲ್ಲನ್ನೂ ಇಡಬಾರದೆಂದು ಹೇಳಿದೆವು. ಆ ಅವಧಿಯಲ್ಲಿ ಖರೀದಿ ಪತ್ರ, ಉತಾರ, ಋಣಭಾರ ಪ್ರಮಾಣಪತ್ರ, ಭೂಪರಿವರ್ತನೆಯ ಆದೇಶ, ಬಡಾವಣೆಯ ಅಂಗೀಕೃತ ನಕ್ಷೆ ಇವುಗಳನ್ನೆಲ್ಲ ವಕೀಲರಿಗೆ ತೋರಿಸಿ, ಕಟ್ಟಡ ಪರವಾನಿಗೆ ಪಡೆದದ್ದಾಯಿತು. ಬ್ಯಾಂಕು ಸಾಲವನ್ನು ಒಮ್ಮೆಗೇ ಕೊಡದೆ ಕೆಲಸದ ಹಂತ ನೋಡಿ ಕಂತಿನಲ್ಲಿ ಕೊಡುತ್ತದೆ. ಆದಕಾರಣ ಪ್ರತಿಯೊಂದು ಹಂತದ ಆರಂಭಕ್ಕೆ ಸ್ವಂತ ಹಣ ಕೈಯಲ್ಲಿರಬೇಕಾಗುತ್ತದೆ. ಅಂದಾಜಿನ ಮೇಲೆ ಹತ್ತನೆಯ ಒಂದು ಪಾಲನ್ನು ಬೇರೆಯಾಗಿ ತೆಗೆದಿಟ್ಟು, ಅದನ್ನು ಇಲ್ಲವೆಂದೇ ಭಾವಿಸುವುದು ಕ್ಷೇಮ. ನಮ್ಮಲ್ಲಿ ಅಂದು ಆ ಪಾಲು ಇದ್ದಿದ್ದರೆ ಎರಡು ಅಡಿ ಪಾಯಕ್ಕೆ ನಾವು ಹಿಂಜರಿಯುತ್ತಿರಲಿಲ್ಲ.

ನಕ್ಷೆಯ ಮುಂದೆ ಮನೆಮಂದಿಯೆಲ್ಲ ಕುಳಿತುಕೊಳ್ಳಬೇಕು. ಅಡಿಗೆಮನೆಯ ಕಟ್ಟೆಯ ಎತ್ತರವನ್ನು ಅಲ್ಲಿ ನಿಂತು ದುಡಿಯುವವರು ಹೇಳಬೇಕೇ ಹೊರತು ಗುತ್ತಿಗೆದಾರರಲ್ಲ. ಮಗನ ನಕ್ಷೆಯನ್ನು ಬರಿಯ ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಎಳೆಸಿ, ಕೋಣೆಕೋಣೆಯಲ್ಲಿ ಎಲ್ಲರನ್ನೂ ನಡೆದಾಡಿಸಿದೆವು. ಬಚ್ಚಲಿಗೆ ಹೋಗಲು ಮುದುಕರಾದ ನಾವು ಎರಡು ಮೆಟ್ಟಿಲು ಇಳಿಯಬೇಕಾದೀತೆಂಬುದು ಸೊಸೆಯ ಕಣ್ಣಿಗೆ ಮೊದಲು ಬಿತ್ತು. ಕಾಗದದ ಮೇಲಿನ ಗೋಡೆಯನ್ನು ಅಳಿಸಲು ರಬ್ಬರು ಸಾಕು. ಕಟ್ಟಿದ ಗೋಡೆಯನ್ನು ಒಡೆಯಲು ಕೂಲಿಯೂ ಬೇಕು, ಜಗಳವೂ ಬೇಕು.

ಕಾಲವನ್ನೂ ನಕ್ಷೆಯಂತೆಯೇ ಹಾಕಿಕೊಳ್ಳಬೇಕು. ನಮ್ಮ ಭಾಗದಲ್ಲಿ ದೀಪಾವಳಿಯ ನಂತರ ಪಾಯ ತೋಡಿ, ಮುಂಗಾರು ಬರುವುದರೊಳಗೆ ಛತ್ತು ಹಾಕಿದರೆ ಮಳೆಯಲ್ಲಿ ಒಳಗಿನ ಕೆಲಸ ನಡೆಯುತ್ತದೆ. ಆದರೆ ಬೇಸಿಗೆಯ ನೀರಿಗೆ ಮೊದಲೇ ವ್ಯವಸ್ಥೆಯಾಗಿರಬೇಕು.

ಕರಾರು ಮತ್ತು ದಿನಚರಿ

ಪರಿಚಯದವರೊಡನೆ ಕರಾರುಪತ್ರವೇಕೆಂದು ಸಂಕೋಚಪಡುವವರುಂಟು. ಪರಿಚಯ ಉಳಿಯಬೇಕೆಂದಿದ್ದರೆ ಕರಾರುಪತ್ರ ಬರೆಯಲೇಬೇಕು. ಕೂಲಿ ಗುತ್ತಿಗೆಯೋ ಸಾಮಾನು ಸಹಿತ ಗುತ್ತಿಗೆಯೋ, ಚದರದ ಲೆಕ್ಕದಲ್ಲಿ ಮೆಟ್ಟಿಲು, ಸಜ್ಜಾ, ನೀರಿನ ತೊಟ್ಟಿಗಳು ಸೇರಿವೆಯೋ ಇಲ್ಲವೋ, ಹೆಚ್ಚುವರಿ ಕೆಲಸಕ್ಕೆ ದರವೇನು, ಯಾವ ಹಂತ ಮುಗಿದಾಗ ಎಷ್ಟು ಹಣ ಎಂಬುದೆಲ್ಲ ಅದರಲ್ಲಿರಬೇಕು. ಆಗಿರುವ ಕೆಲಸಕ್ಕಿಂತ ಕೊಟ್ಟಿರುವ ಹಣ ಯಾವ ದಿನವೂ ಹೆಚ್ಚಾಗಬಾರದು. ಆದರೆ ವಾರದ ಕೂಲಿಯನ್ನು ಒಂದು ದಿನವೂ ತಡಮಾಡಬಾರದು. ಸಂತೆಯ ದಿನ ಬರಿಗೈಯಲ್ಲಿ ಹೋದ ಕೂಲಿಯಾಳು ಸೋಮವಾರ ಮನಸ್ಸಿಟ್ಟು ಕೆಲಸ ಮಾಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಒಂದು ಪೆನ್ನು, ಒಂದು ನೋಟುಬುಕ್ಕು ಯಜಮಾನನ ಆಯುಧಗಳು. ದಿನಾಂಕ, ಬಂದ ಗೌಂಡಿಗಳು, ಆಳುಗಳು, ಬಂದ ಸಾಮಾನು, ಬಳಸಿದ ಸಿಮೆಂಟು, ಕೊಟ್ಟ ಹಣ ಇಷ್ಟನ್ನು ಪ್ರತಿ ಸಂಜೆ ಬರೆಯಬೇಕು. ಖಾಲಿ ಚೀಲಗಳನ್ನು ಎಣಿಸಿದರೆ ಸಿಮೆಂಟಿನ ಲೆಕ್ಕ ತಾನೇ ಸಿಗುತ್ತದೆ.

ಸಾಮಗ್ರಿಯ ಪರೀಕ್ಷೆ

ಲೆಕ್ಕವನ್ನು ಮೊದಲೇ ತಿಳಿದಿದ್ದರೆ ಸಂಶಯಪಡುವ ಪ್ರಸಂಗವೇ ಬರುವುದಿಲ್ಲ. 100 ಚದರ ಮೀಟರು ವಿಸ್ತೀರ್ಣದ, 125 ಮಿಲಿಮೀಟರು ದಪ್ಪದ ಛತ್ತಿಗೆ 12.5 ಘನಮೀಟರು ಕಾಂಕ್ರೀಟು ಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿಯ ಮಿಶ್ರಣದಲ್ಲಿ ಘನಮೀಟರಿಗೆ ಸುಮಾರು 8 ಚೀಲ ಸಿಮೆಂಟು ಹಿಡಿಯುತ್ತದೆ. ಅಂದರೆ ತೊಲೆಗಳನ್ನು ಬಿಟ್ಟು ಛತ್ತಿಗೇ ಸುಮಾರು 100 ಚೀಲ.

ಕಬ್ಬಿಣಕ್ಕೂ ಒಂದು ಸೂತ್ರವುಂಟು. ಸಲಾಕೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿಲಿಮೀಟರಿನ ಸಲಾಕೆ ಮೀಟರಿಗೆ 0.89 ಕಿಲೋ; 12 ಮೀಟರಿನ ಒಂದು ಸಲಾಕೆ ಸುಮಾರು 10.7 ಕಿಲೋ. ಸಲಾಕೆಗಳನ್ನು ಎಣಿಸಿ ಗುಣಿಸಿದರೆ ತೂಕದ ಚೀಟಿಯೊಡನೆ ಹೆಚ್ಚುಕಡಿಮೆ ಹೊಂದಬೇಕು. ಉಸುಕನ್ನು ಗಾಜಿನ ಲೋಟದ ನೀರಿನಲ್ಲಿ ಕಲಕಿ ಬಿಟ್ಟರೆ ಮೇಲೆ ಕೂಡುವ ಮಣ್ಣಿನ ಪದರು ಅದರ ಶುದ್ಧಿಯನ್ನು ಹೇಳುತ್ತದೆ. ತೇವದ ಉಸುಕು ಉಬ್ಬಿ ಕಾಲುಪಾಲಿನಷ್ಟು ಹೆಚ್ಚು ಜಾಗ ಹಿಡಿಯಬಲ್ಲದೆಂಬುದನ್ನು ಬ್ರಾಸಿನ ಲೆಕ್ಕದಲ್ಲಿ ಕೊಳ್ಳುವವರು ನೆನಪಿಡಬೇಕು.

ನೀರಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಎರಡು. ಕಲಸುವಾಗ ಹೆಚ್ಚು ಹಾಕುತ್ತಾರೆ. ಕಟ್ಟಿದ ಮೇಲೆ ಕಡಿಮೆ ಹಾಕುತ್ತಾರೆ. ಮೇಲೆ ಹೇಳಿದ ಮಿಶ್ರಣಕ್ಕೆ 50 ಕಿಲೋ ಚೀಲಕ್ಕೆ 30 ಲೀಟರು, ಅಂದರೆ 15 ಲೀಟರಿನ ಎರಡು ಕೊಡ ನೀರೇ ಮಿತಿಯೆಂದು ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಹೇಳುತ್ತದೆ. ತೆಳುವಾದ ಕಾಂಕ್ರೀಟು ಸುಲಭವಾಗಿ ಹರಡುತ್ತದೆ, ಆದರೆ ಬಲ ಕಳೆದುಕೊಳ್ಳುತ್ತದೆ. ಹಾಕಿದ ನಂತರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಪೇಟೆಯಲ್ಲಿ ಹೆಚ್ಚಾಗಿ ದೊರೆಯುವ ಮಿಶ್ರ ಸಿಮೆಂಟಿಗೆ 10 ದಿನ ತೇವ ಆರದಂತೆ ನೋಡಬೇಕು. ನಮ್ಮ ಬಿಸಿಲಿಗೆ 14 ದಿನ ಬೇಕು. ಛತ್ತಿನ ಮೇಲೆ ಗದ್ದೆಯಂತೆ ಬದು ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಗೋಣಿತಟ್ಟು ಸುತ್ತಿ ನೆನೆಸುವುದು ಮನೆಯವರೇ ಮಾಡಬಹುದಾದ ಸೇವೆ. ಮಗನ ಮನೆಯಲ್ಲಿ ಈ ಕೆಲಸವನ್ನು ನಾವೇ ವಹಿಸಿಕೊಂಡೆವು; ಛತ್ತಿನ ಕೆಳಗಿನ ಆಧಾರಗಳನ್ನು 21 ದಿನ ಮುಟ್ಟಗೊಡಲಿಲ್ಲ.

ಗೋಡೆಗಳ ಬಗೆಗೆ ಒಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಸಾವಿರಾರು ಜನ ಮಲಗಿದಲ್ಲಿಯೇ ಮಡಿದರು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳು ಅವರ ಮೇಲೆಯೇ ಕುಸಿದವು. ದಪ್ಪವೇ ಭದ್ರತೆಯಲ್ಲ, ಬಂಧವೇ ಭದ್ರತೆ. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ ಕಬ್ಬಿಣದ ಕಾಂಕ್ರೀಟಿನ ಪಟ್ಟಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಕಡೆಯ ಮಾತು

ಮಗನ ಮನೆಯ ಪಾಯವನ್ನು ಆ ಹಳೆಯ ಗೌಂಡಿಯ ಮಗನೇ ತೋಡಿಸಿದರು. ಆರೂವರೆ ಅಡಿಗೆ ಗರಸು ಹತ್ತಿತು. ಎಂಜಿನಿಯರರು ಒಪ್ಪಿದ ಮೇಲೆ ಅವರು ನಮ್ಮ ಕಡೆ ನೋಡಿದರು. "ನಿಮಗೆ ಸಮಾಧಾನ ಆಗೂತನಕ ಇಳಿಸ್ರಿ" ಎಂದೆವು. ಇನ್ನೂ ಅರ್ಧ ಅಡಿ ಇಳಿಸಿದರು. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಕಾಡಿದ ಮಳೆಯನ್ನೂ, ಅನಂತರದ ಬೇಸಿಗೆಗಳನ್ನೂ ಆ ಮನೆ ಕಂಡಿದೆ. ಪ್ರತಿ ವೈಶಾಖದಲ್ಲಿ ಕಿಟಕಿಯ ಮೂಲೆಗಳ ಮೇಲೆ ಕೈಯಾಡಿಸಿ ನೋಡುವ ಅಭ್ಯಾಸ ನಮಗೆ ಉಳಿದುಬಿಟ್ಟಿದೆ. ಇದುವರೆಗೆ ಬೆರಳಿಗೆ ಏನೂ ತಗುಲಿಲ್ಲ.

ಮನೆ ಕಟ್ಟುವವರು ಬಣ್ಣಕ್ಕೆ, ಬಾಗಿಲ ಕೆತ್ತನೆಗೆ, ನೆಲದ ಹಾಸುಗಲ್ಲಿಗೆ ಖರ್ಚು ಮಾಡಲು ಹಿಂದೆಗೆಯುವುದಿಲ್ಲ. ಅವು ಬಂದವರ ಕಣ್ಣಿಗೆ ಬೀಳುತ್ತವೆ. ಮಣ್ಣಿನೊಳಗೆ ಮುಚ್ಚಿಹೋಗುವ ಪಾಯವನ್ನು ಗೃಹಪ್ರವೇಶಕ್ಕೆ ಬಂದ ಯಾರೂ ಹೊಗಳುವುದಿಲ್ಲ. ಬಣ್ಣವನ್ನು ಮುಂದಿನ ವರ್ಷ ಹಚ್ಚಿಸಬಹುದು, ಪಾಯವನ್ನು ಮುಂದಿನ ವರ್ಷ ಇಳಿಸಲಾಗದು. ಹಣ ಸಾಲದಿದ್ದರೆ ಒಂದು ಕೋಣೆಯನ್ನು ಕಡಿಮೆ ಮಾಡಿರಿ, ಒಂದು ವರ್ಷ ತಡೆಯಿರಿ, ಗಿಲಾಯಿಯನ್ನು ಮುಂದೂಡಿರಿ. ಕೆಳಗಿನಿಂದ ಗೌಂಡಿ ಕೂಗಿ ಹೇಳಿದಾಗ ಮಾತ್ರ ಕಿವಿಗೊಡಿರಿ. ತಮ್ಮೆಲ್ಲರ ಮನೆಗಳೂ ಭದ್ರವಾಗಿ ನಿಲ್ಲಲಿ.