ಒಲೆಯ ಬೂದಿ ಕಲಿಸಿದ ಪಾಠ

“ಬೂದಿ ಚೆಲ್ಬೇಡ ಮಾರಾಯ್ತಿ, ಅಲಸಂದೆ ಬುಡಕ್ಕೆ ಹಾಕು” ಎಂದು ನಮ್ಮತ್ತೆ ಹೇಳಿದಾಗಲೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ. ಆಗ ನಮ್ಮ ಕೊಟ್ಟಿಗೆಯಲ್ಲಿದ್ದದ್ದು ಒಂದೇ ಹಸು. ಅದರ ಮೇವಿಗೆಂದು ಹಿತ್ತಲಲ್ಲಿ ಅಲಸಂದೆ ಹಾಕಿದ್ದೆವು. ಒಂದು ವರ್ಷ ಬಳ್ಳಿಯೆಲ್ಲ ಹಳದಿಗೆ ತಿರುಗಿತು. ಹಾಲು ಇಳಿಯಿತು, ಹಿಂಡಿ ಕೊಳ್ಳೋಣವೆಂದರೆ ಕೈಯಲ್ಲಿ ಕಾಸಿಲ್ಲ. ಅತ್ತೆ ಬೂದಿ ಎರಚಿದ್ದ ಒಂದು ಸಾಲು ಮಾತ್ರ ಹಚ್ಚಗೆ ನಿಂತಿತ್ತು! ನನ್ನ ನಗು ಅಲ್ಲಿಗೇ ನಿಂತಿತು.

ಇಂಥದೇ ಒಗಟನ್ನು 1942ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಎ. ಜೆ. ಆಂಡರ್ಸನ್ ಎಂಬ ವಿಜ್ಞಾನಿ ಬಿಡಿಸಿದ್ದರಂತೆ. ಅಲ್ಲಿ ಕುರಿ-ದನಗಳ ಮೇವಿಗೆ ಕ್ಲೋವರ್ ಬೆಳೆಯುತ್ತಾರೆ. ಅದೂ ನಮ್ಮ ಮೆಂತ್ಯದ ಹಾಗೆ ಮೂರೆಲೆಯ ಗಿಡ, ದ್ವಿದಳ ಜಾತಿಯದೇ. ಕೆಲವು ಜಾಗಗಳಲ್ಲಿ ಸೂಪರ್ ಫಾಸ್ಫೇಟ್ ಹಾಕಿದರೂ ಅದು ಏಳುತ್ತಿರಲಿಲ್ಲ. ಮರದ ಬೂದಿ ಬಿದ್ದಲ್ಲಿ ಮಾತ್ರ ಸೊಂಪಾಗಿತ್ತು. ಬೂದಿಯ ಗುಟ್ಟು ಹುಡುಕಿದಾಗ ಸಿಕ್ಕಿದ್ದು ಮಾಲಿಬ್ಡಿನಮ್ ಎಂಬ ಲೋಹದ ಅಂಶ. ಅದು ಮೂಟೆಗಟ್ಟಲೆ ಬೇಕಿಲ್ಲ, ಗ್ರಾಂ ಲೆಕ್ಕದಲ್ಲಿ ಸಾಕು. ಅಡುಗೆಗೆ ಉಪ್ಪಿದ್ದ ಹಾಗೆ!

ಅಲಸಂದೆ, ಹುರುಳಿ, ಕ್ಲೋವರ್ ಗಿಡಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗೆ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ. ಈ ಕೆಲಸ ಮಾಲಿಬ್ಡಿನಮ್ ಇಲ್ಲದೆ ನಡೆಯದು. ಹುಳಿ ಮಣ್ಣಿನಲ್ಲಿ ಅದಿದ್ದರೂ ಬೇರಿಗೆ ಸಿಗುವುದು ಕಷ್ಟ. ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಜೊತೆಗೆ ಪೊಟ್ಯಾಷ್ ಕೂಡ ಕೊಡುತ್ತದೆ. ನಮ್ಮ ಮಲೆನಾಡಿನ ಮಣ್ಣು ಹುಳಿ ತಾನೇ? ಅತ್ತೆಯ ಮಾತು ಫಲಿಸಿದ್ದರಲ್ಲಿ ಆಶ್ಚರ್ಯವೇನು!

ನೀವೂ ಪರೀಕ್ಷಿಸಬಹುದು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ಸಾಗಿದೆ. ಬಿಳಿಚಿಕೊಂಡಿದ್ದರೆ ಏನೋ ಕೊರತೆ. ಗಂಟುಗಳೇ ಇಲ್ಲದಿದ್ದರೆ ಮುಂದಿನ ಸಲ ರೈಜೋಬಿಯಂ ಪುಡಿ ತಂದು, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಿ. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದೂ. ಆದರೆ ಆಯಾ ಬೆಳೆಗೆ ಆಯಾ ಪುಡಿಯೇ ಆಗಬೇಕು.

ಒಂದು ಎಚ್ಚರಿಕೆ. ಬೂದಿ ಎಲ್ಲ ಮಣ್ಣಿಗೂ ಮದ್ದಲ್ಲ. ಸವಳು ನೆಲಕ್ಕೆ ಹಾಕಿದರೆ ಕೆಡುಕೇ ಹೆಚ್ಚು. ಇನ್ನು ಮಾಲಿಬ್ಡಿನಮ್ ಪುಡಿಯನ್ನು ನಾವೇ ತಂದು ಎರಚುವುದಂತೂ ಬೇಡ. ಮೇವಿನಲ್ಲಿ ಅದು ಹೆಚ್ಚಾದರೆ ಹಸುವಿಗೆ ತಾಮ್ರದ ಕೊರತೆಯಾಗುತ್ತದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಗ್ಯಾಸ್ ಬಂದ ಮೇಲೆ ಅಡುಗೆಮನೆಯಲ್ಲಿ ಬೂದಿಯೇ ಇಲ್ಲ. ಬಚ್ಚಲೊಲೆಯದನ್ನು ಮಾತ್ರ ನಾನು ಈಗಲೂ ಡಬ್ಬಿಯಲ್ಲಿ ತುಂಬಿಡುತ್ತೇನೆ. ಸೊಸೆ ನೋಡಿ ನಗುತ್ತಾಳೆ. ನಗಲಿ, ನಾನೂ ನಕ್ಕವಳೇ ಅಲ್ಲವೇ!