ಬೇಡವೆಂದ ಗೋಲು

2012ರ ಸೆಪ್ಟೆಂಬರ್ 26ರಂದು ಇಟಲಿಯ ನೇಪಲ್ಸ್ ನಗರದಲ್ಲಿ ನಪೋಲಿ ಮತ್ತು ಲಾಟ್ಸಿಯೊ ತಂಡಗಳ ಫುಟ್‌ಬಾಲ್ ಪಂದ್ಯ ನಡೆದಿತ್ತು. ಆರಂಭದಲ್ಲೇ ಲಾಟ್ಸಿಯೊದ ಜರ್ಮನ್ ಆಟಗಾರ ಮಿರೊಸ್ಲಾವ್ ಕ್ಲೋಸ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲೆಂದು ಸಾರಿದರು. ಎದುರಾಳಿಗಳು ಪ್ರತಿಭಟಿಸಿದಾಗ, ಚೆಂಡು ತಮ್ಮ ಕೈಗೆ ತಗುಲಿತ್ತೆಂದು ಕ್ಲೋಸ ತಾವೇ ಒಪ್ಪಿಕೊಂಡರು.

ಆಟ ಮತ್ತೆ ಆರಂಭವಾಗುವ ಮುನ್ನ ರೆಫರಿ ತಮ್ಮ ತೀರ್ಪನ್ನು ಬದಲಿಸಲು ನಿಯಮದಲ್ಲಿ ಅವಕಾಶವಿದೆ. ಅಂತೆಯೇ ಗೋಲು ರದ್ದಾಯಿತು. ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ ಇಟಲಿಯ ಲೀಗಿಗೆ ಬಂದದ್ದು 2017ರಲ್ಲಿ. ಹಾಗಾಗಿ ಕ್ಲೋಸ ಸುಮ್ಮನಿದ್ದಿದ್ದರೆ ಗೋಲು ಉಳಿಯುತ್ತಿತ್ತು. ಅಂದು ಲಾಟ್ಸಿಯೊ 0-3ರಿಂದ ಸೋತಿತು.

ಕ್ಲೋಸ ಹುಟ್ಟಿದ್ದು 1978ರಲ್ಲಿ, ಪೋಲೆಂಡಿನ ಒಪೋಲೆಯಲ್ಲಿ. ತಂದೆ ಫುಟ್‌ಬಾಲ್ ಆಟಗಾರ, ತಾಯಿ ಹ್ಯಾಂಡ್‌ಬಾಲ್ ಆಟಗಾರ್ತಿ. ಬಾಲ್ಯದಲ್ಲೇ ಜರ್ಮನಿಗೆ ಬಂದಾಗ ಅಲ್ಲಿನ ಭಾಷೆ ಹೆಚ್ಚುಕಡಿಮೆ ಬರುತ್ತಿರಲಿಲ್ಲ. ಬಡಗಿ ಕೆಲಸ ಕಲಿತರು. 20ರ ವಯಸ್ಸಿನವರೆಗೂ ಊರಿನ ಸಣ್ಣ ಕ್ಲಬ್ಬಿನಲ್ಲೇ ಆಡಿದರು. 2001ರಲ್ಲಿ ರಾಷ್ಟ್ರೀಯ ತಂಡ ಸೇರಿ, 137 ಪಂದ್ಯಗಳಲ್ಲಿ 71 ಗೋಲು ಹೊಡೆದರು. 2002ರ ವಿಶ್ವಕಪ್ಪಿನ ಅವರ ಐದೂ ಗೋಲುಗಳು ತಲೆಯಿಂದ ಬಂದವು! 2014ರಲ್ಲಿ ಬ್ರೆಜಿಲ್ ವಿರುದ್ಧ ತಮ್ಮ 16ನೆಯ ವಿಶ್ವಕಪ್ ಗೋಲು ಹೊಡೆದು ರೊನಾಲ್ಡೊ ಅವರ ದಾಖಲೆ ಮುರಿದರು. ಅದೇ ವರ್ಷ ಜರ್ಮನಿ ವಿಶ್ವಕಪ್ ಗೆದ್ದಿತು. 2016ರಲ್ಲಿ ಅವರು ಆಟದಿಂದ ನಿವೃತ್ತರಾದರು.

ದಾಖಲೆಗಳು ಇಂದಲ್ಲ ನಾಳೆ ಮುರಿಯಬಹುದು. ಆದರೆ ನಿಮ್ಮ ಶಾಲೆಯ ಮೈದಾನದಲ್ಲಿ ರೆಫರಿಗೆ ಕಾಣದ ತಪ್ಪು ನಿಮಗೊಬ್ಬರಿಗೇ ಗೊತ್ತಿದ್ದರೆ, ನೀವೇನು ಮಾಡುವಿರಿ?