ಕಪಿಲೆಯ ಒಂದು ಟಿಎಂಸಿಗೆ ಎಷ್ಟು ಯೂನಿಟ್?

ಒಂದು ಟಿಎಂಸಿ ನೀರು ಒಂದು ಮೀಟರ್ ಕೆಳಕ್ಕೆ ಬಿದ್ದರೆ ಸುಮಾರು 65 ಸಾವಿರ ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಯಂತ್ರಗಳ ದಕ್ಷತೆ ಶೇ 85 ಎಂದು ಹಿಡಿದ ಲೆಕ್ಕ ಇದು. ಕೊಳ್ಳದ ಯೋಜನೆ ಮಾಡುವವರು ಮೊದಲು ನೋಡಬೇಕಾದ್ದು ನೀರು ಎಷ್ಟಿದೆ ಎಂಬುದನ್ನಷ್ಟೇ ಅಲ್ಲ, ಅದು ಎಲ್ಲಿ ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದನ್ನೂ.

ಕಪಿಲೆ ಎಂದರೆ ಕಬಿನಿಯೇ. ಬೀಚನಹಳ್ಳಿಯ ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ, ಅಲ್ಲಿನ ವಿದ್ಯುದಾಗಾರದ್ದು 20 ಮೆಗಾವ್ಯಾಟ್. ನೀರಿನ ಎತ್ತರ 20 ಮೀಟರ್ ಎಂದುಕೊಂಡರೆ ಟಿಎಂಸಿಗೆ 13 ಲಕ್ಷ ಯೂನಿಟ್. ಅಲ್ಲಿಂದ ಮುಂದೆ ನಂಜನಗೂಡು ದಾಟಿ ತಿ. ನರಸೀಪುರದ ಸಂಗಮದವರೆಗೆ ನದಿಗೆ ಹೇಳಿಕೊಳ್ಳುವಂಥ ಇಳಿಜಾರಿಲ್ಲ. ಅದೇ ನೀರು ಕಾವೇರಿಯ ಜೊತೆ ಶಿವನಸಮುದ್ರ ಮುಟ್ಟಿದಾಗ ನೂರು ಮೀಟರ್ ಆಸುಪಾಸಿನ ಎತ್ತರ ಸಿಗುತ್ತದೆ: ಟಿಎಂಸಿಗೆ 65 ಲಕ್ಷ ಯೂನಿಟ್. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಇಲ್ಲಿಂದ.

ಇನ್ನು ವಯನಾಡಿನ ಕಡೆ ನೋಡಿ. ಕಪಿಲೆಗೆ ಸೇರಬೇಕಾದ ಕರಮಾನ್ ತೋಡಿಗೆ ಬಾಣಾಸುರ ಸಾಗರ ಕಟ್ಟಿ, ನೀರನ್ನು ಪಶ್ಚಿಮಕ್ಕೆ ಕುಟ್ಟಿಯಾಡಿಗೆ ತಿರುಗಿಸಿದ್ದಾರೆ. ಅಲ್ಲಿ 600 ಮೀಟರ್ ಮೀರಿದ ಎತ್ತರ. ಟಿಎಂಸಿಗೆ ಸುಮಾರು 3.9 ಕೋಟಿ ಯೂನಿಟ್, ಅಂದರೆ ಬೀಚನಹಳ್ಳಿಯ ಮೂವತ್ತು ಪಟ್ಟು. ವಿದ್ಯುತ್ತಿನ ಲೆಕ್ಕವೊಂದನ್ನೇ ಹಿಡಿದರೆ ಕೇರಳದ ಎಂಜಿನಿಯರುಗಳನ್ನು ತಪ್ಪೆನ್ನಲಾಗದು. ಆದರೆ ಹಾಗೆ ಘಟ್ಟ ಇಳಿದ ನೀರು ನಮ್ಮ ನಾಲೆಗೆ ಬಾರದು. ಭತ್ತಕ್ಕೆ ಬೆಳೆಯೊಂದಕ್ಕೆ ನಾಲ್ಕು ಅಡಿ ನೀರು ಎಂದರೂ ಒಂದು ಟಿಎಂಸಿ 5,700 ಎಕರೆಗೆ ಆಗುತ್ತದೆ. ಯೂನಿಟ್ಟಿನ ಬೆಲೆ ಪಟ್ಟಿಯಲ್ಲಿ ಈ ಎಕರೆಗಳಿಗೆ ಕಾಲಂ ಇರುವುದಿಲ್ಲ.

ಪ್ರವಾಹದ ಲೆಕ್ಕ ಬೇರೆ. ಬೀಚನಹಳ್ಳಿಯ 20 ಮೆಗಾವ್ಯಾಟ್ ಪೂರ್ತಿ ಓಡಲು ಸುಮಾರು 4,200 ಕ್ಯೂಸೆಕ್ ಸಾಕು. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ಮೀರಿತ್ತು. ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತು. ಅಂಥ ದಿನ ನೂರು ಪಾಲು ನೀರಿನಲ್ಲಿ ಟರ್ಬೈನಿಗೆ ದಕ್ಕುವುದು ನಾಲ್ಕೇ ಪಾಲು. ಯಂತ್ರ ಇನ್ನಷ್ಟು ಕೂಡಿಸಿದರೆ ವರ್ಷದ ಬಹುಪಾಲು ಅವು ಸುಮ್ಮನೆ ಕೂರುತ್ತವೆ.

ಹಾಗಾಗಿ ನಂಜನಗೂಡಿನ ಮಟ್ಟಿಗೆ ಜಲವಿದ್ಯುತ್ ಯೋಜನೆಯೆಂದರೆ ಹೊಸ ಕಟ್ಟೆಗಿಂತ ಮೊದಲು ಗೇಟು ಎತ್ತುವ ವೇಳಾಪಟ್ಟಿ. ಮಳೆಗೆ ಮುನ್ನ 2 ಟಿಎಂಸಿ ಜಾಗ ಖಾಲಿ ಮಾಡಿಕೊಳ್ಳಬೇಕೆಂದರೆ, ಟರ್ಬೈನಿನ ಮೂಲಕವೇ ಬಿಟ್ಟರೆ ಐದೂವರೆ ದಿನ ಬೇಕು, 26 ಲಕ್ಷ ಯೂನಿಟ್ಟೂ ಸಿಗುತ್ತದೆ. ಲಕ್ಷ ಕ್ಯೂಸೆಕ್ ಒಳಹರಿವು ಬಂದರೆ ಆ ಜಾಗ ತುಂಬಲು ಐದೂವರೆ ಗಂಟೆ.